ಜಿಪಿ ಚನ್ನಪ್ಪನವರ ನೀರಿನ ಬಿಲ್ಲು

ಊರಿನಿಂದ ಹೊಸದಾಗಿ ಬಂದವರು ಸಿಕ್ಕರೆ ಬೇರೆಯವರು ಪ್ರಯಾಣ ಹೇಗಾಯಿತು, ಚಳಿ ತಡೆಯುತ್ತದೆಯೇ ಎಂದು ಕೇಳುತ್ತಾರೆ. ನಮ್ಮ ಮನೆಯವರು ಕೇಳುವುದು ಒಂದೇ ಪ್ರಶ್ನೆ. "ಜಿಪಿ ಆತೇನ್ರಿ?"

ಹೆಸರು ಕೇಳುವ ಮೊದಲೇ ಇದನ್ನು ಕೇಳಿದ್ದೂ ಉಂಟು. ಒಮ್ಮೆ ನಾವಿರುವ ವುಲ್ವರ್‌ಹ್ಯಾಂಪ್ಟನ್ನಿನ ಮಾರ್ಕೆಟ್ಟಿನಲ್ಲಿ ಹೆಂಗಸೊಬ್ಬಳು ಫೋನಿನಲ್ಲಿ ಕನ್ನಡ ಮಾತಾಡುತ್ತ ಮೆಂತ್ಯ ಸೊಪ್ಪು ಆರಿಸುತ್ತಿದ್ದಳು. ಇವರು ಸೀದಾ ಹೋಗಿ ಕೇಳಿಯೇಬಿಟ್ಟರು. ಆಕೆ ಹೆದರಿ ಸೊಪ್ಪನ್ನು ಅಲ್ಲೇ ಇಟ್ಟು ಹೊರಟಳು. ನಾನು ಹಿಂದೆ ಓಡಿ, "ಗಾಬರಿ ಆಗಬ್ಯಾಡ್ರಿ, ನಮ್ಮ ಯಜಮಾನ್ರು, ಸ್ವಲ್ಪ ಹಂಗ" ಎಂದು ಸಮಾಧಾನ ಮಾಡಿ ಕರೆತಂದೆ. ಆಕೆಗೂ ಜಿಪಿ ಆಗಿರಲಿಲ್ಲ ಎನ್ನಿ. ಅದೇ ವಾರ ಆಯಿತು.

ಜಿಪಿ ಎಂದರೆ ಇಲ್ಲಿ, ಇಂಗ್ಲಿಷರ ನಾಡಿನಲ್ಲಿ, ಪ್ರತಿ ಬಡಾವಣೆಗೂ ಇರುವ ಡಾಕ್ಟರು. ನೆಗಡಿಯಿಂದ ಹಿಡಿದು ಹೃದಯದವರೆಗೆ ಏನೇ ಆದರೂ ಮೊದಲು ಅವರ ಹತ್ತಿರ ಹೋಗಬೇಕು. ಅವರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡರೆ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಉಳಿದ ದಾರಿಗಳು ಸಲೀಸು. ಆ ಪಟ್ಟಿಗೆ ಹೆಸರು ಸೇರಿಸುವ ಕೌಂಟರಿನಲ್ಲಿ ಕೂರುವವರು ನಮ್ಮವರು, ಚನ್ನಪ್ಪ. ತಿಂಗಳಿಗೊಂದು ಭಾನುವಾರ ಕನ್ನಡದವರೆಲ್ಲ ಸೇರುವ ಸಭಾಂಗಣದಲ್ಲಿ ಇವರಿಗೆ ಜಿಪಿ ಚನ್ನಪ್ಪ ಎಂದೇ ಹೆಸರು. ಹೊಸಬರು ಕೆಲವರು ಇವರನ್ನೇ ಡಾಕ್ಟರು ಎಂದು ತಿಳಿದು ಕೈ ಚಾಚಿ ನಾಡಿ ತೋರಿಸಿದ್ದಾರೆ. ಇವರು ಇಲ್ಲವೆನ್ನದೆ ನೋಡಿಯೂ ಇದ್ದಾರೆ! ನಾನು ಅದೇ ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ನರ್ಸು, ಹೆಸರು ಶೋಭಾ. ನನ್ನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಇವರು ಈ ಹುಚ್ಚಿಗೆ ಬಿದ್ದದ್ದು ಹೇಗೆ ಎಂಬುದನ್ನು ಹೇಳಬೇಕೆಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೂ ಹೇಳುತ್ತೇನೆ.

ನಾನು ಧಾರವಾಡದವಳು. ನರ್ಸಿಂಗ್ ಮುಗಿಸಿ ಎರಡು ಸಾವಿರದ ಒಂದರಲ್ಲಿ ಇಲ್ಲಿಗೆ ಬಂದೆ. ನಾಲ್ಕು ವರ್ಷಕ್ಕೆ ಕಾಯಂ ಇರುವ ಪರವಾನಗಿ ಸಿಕ್ಕಿತು. ಊರಿಗೆ ಹೋದಾಗ ತವರಿನವರು ಗಂಡು ನೋಡಿಟ್ಟಿದ್ದರು. ಹುಬ್ಬಳ್ಳಿ ರೈಲು ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿನ ಗುಮಾಸ್ತ. ಕೇಂದ್ರ ಸರ್ಕಾರದ ನೌಕರಿ, ಕ್ವಾರ್ಟರ್ಸು, ಪಾಸು. ಅದನ್ನೆಲ್ಲ ಬಿಟ್ಟು ನಾನು ಸ್ಪಾನ್ಸರ್ ಮಾಡಿದ ವೀಸಾದ ಮೇಲೆ ಇವರು ಹೊರಡಲು ಒಪ್ಪಿದಾಗ ಇವರ ಕಾಕಾ ಮದುವೆ ಮನೆಯಲ್ಲೇ ಎಲ್ಲರೆದುರು, "ಹೆಂಡ್ತಿ ಸೆರಗ ಹಿಡಕೊಂಡ ಹೊಂಟಾನ ನೋಡ್ರಿ" ಎಂದರು. ಇವರು ನಕ್ಕು ಸುಮ್ಮನಾದರು. ನಾನೂ ನಕ್ಕೆ. ಆ ಮಾತು ಇವರ ಎದೆಯಲ್ಲಿ ಎಷ್ಟು ಒಳಗೆ ಹೋಗಿ ಕೂತಿತ್ತು ಎಂಬುದು ನನಗೆ ಗೊತ್ತಾಗಲಿಲ್ಲ.

ಎರಡು ಸಾವಿರದ ಆರರ ಮಾರ್ಚಿನಲ್ಲಿ ಇವರು ಬಂದರು. ಜೂನ್ ತಿಂಗಳಲ್ಲಿ ಹೊಟ್ಟೆನೋವು ಶುರುವಾಯಿತು. ನನಗೆ ಹೇಳಲಿಲ್ಲ. ತಾವೇ ನಡೆದುಕೊಂಡು ಹತ್ತಿರದ ದವಾಖಾನೆಗೆ ಹೋದರು. ಕೌಂಟರಿನಲ್ಲಿದ್ದಾಕೆ ಹೆಸರು ಬರೆಸಲು ಒಂದು ಫಾರ್ಮ್ ಕೊಟ್ಟು, ನಿಮ್ಮ ಹೆಸರಿನಲ್ಲಿ ಒಂದು ಬಿಲ್ಲು ತನ್ನಿ, ಈ ವಿಳಾಸದಲ್ಲಿ ಇದ್ದೀರಿ ಎಂಬುದಕ್ಕೆ ಪುರಾವೆ ಬೇಕು ಎಂದಳು. ಮನೆ ನನ್ನ ಹೆಸರಿನಲ್ಲಿ. ಗ್ಯಾಸು, ಕರೆಂಟು, ಕೌನ್ಸಿಲ್ ಟ್ಯಾಕ್ಸು, ನೀರು ಎಲ್ಲವೂ ಶೋಭಾ, ಶೋಭಾ, ಶೋಭಾ. ಇವರ ಹೆಸರಿನಲ್ಲಿ ಇದ್ದದ್ದು ಪಾಸ್‌ಪೋರ್ಟು ಒಂದೇ. ಫಾರ್ಮನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ವಾಪಸು ಬಂದು, ಅಜವಾನದ ನೀರು ಕುಡಿದು ಮಲಗಿದರು. ಮೂರು ದಿನ ಹಾಗೇ ಕಳೆದರು. ಕೇಳಿದರೆ "ಗ್ಯಾಸು" ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಶಿಫ್ಟ್ ಮುಗಿಸಿ ಬಂದಾಗ ಬಚ್ಚಲುಮನೆಯ ನೆಲದ ಮೇಲೆ ಬಿದ್ದಿದ್ದರು. ಅಪೆಂಡಿಕ್ಸ್ ಒಡೆದು ಒಳಗೆಲ್ಲ ಕೀವು ಹರಡಿತ್ತು. ಒಂಬತ್ತು ದಿನ ಆಸ್ಪತ್ರೆ, ಅದೂ ನಾನು ಕೆಲಸ ಮಾಡುವ ಆಸ್ಪತ್ರೆ. "ಸಿಸ್ಟರ್, ನೀವು ಮನೆಯಲ್ಲೇ ಇದ್ದಿರಿ, ಅಲ್ಲವೇ?" ಎಂದು ಡಾಕ್ಟರು ಕೇಳಿದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬೇರೆಯವರ ಗಂಡಂದಿರ ಹೊಟ್ಟೆ ಮುಟ್ಟಿ ಹೇಳುವವಳು ನಾನು, ನನ್ನ ಗಂಡನದ್ದು ನನಗೆ ಗೊತ್ತಾಗಲಿಲ್ಲ.

ಡಿಸ್ಚಾರ್ಜಿನ ದಿನ ಇವರು ಮೆಲ್ಲಗೆ ಕೇಳಿದರು. "ಎಷ್ಟ ಬಿಲ್ ಆತು?"

"ಏನಿಲ್ಲ. ಇಲ್ಲೇ ಇರೂ ಮನಷ್ಯಾಗ ಬಿಲ್ ಇಲ್ಲ" ಎಂದೆ.

"ಹಂಗಾರ ಯಾರ ಹೆಸರಿನ ಮ್ಯಾಲ ಮಾಡಿದ್ರು? ನಿನ್ನ ಹೆಸರಿನ ಮ್ಯಾಲ?"

"ನಿಮ್ಮ ಹೆಸರಿನ ಮ್ಯಾಲ ರೀ. ನೀವ ಬ್ಯಾರೇ ಮನಷ್ಯಾ, ನಾ ಬ್ಯಾರೇ."

ಆಗ ಅವರು ನನ್ನನ್ನು ನೋಡಿದ ನೋಟ ನನಗೆ ನೆನಪಿದೆ. ಮನೆಗೆ ಬಂದು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಹೊಲಿಗೆ ಒಣಗುವ ಮೊದಲೇ ನೀರಿನ ಕಂಪನಿಗೆ ಫೋನು ಹಚ್ಚಿ ಬಿಲ್ಲನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಮೊದಲ ಬಿಲ್ಲು ಬಂದ ದಿನ ಅದನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಇಟ್ಟರು. ಇವತ್ತಿಗೂ ಅದು ಅಲ್ಲೇ ಇದೆ, ಅಂಚು ಹಳದಿಯಾಗಿದೆ. ಮನೆಗೆ ಬಂದವರು ಇದೇನು ಎಂದು ಕೇಳಿದರೆ ನಾನು, "ನಮ್ಮ ಮನಿದೇವರು" ಎನ್ನುತ್ತೇನೆ.

ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಯಾಕೆ ಹೇಳಲಿಲ್ಲ? ಪಕ್ಕದಲ್ಲೇ ಮಲಗಿದ್ದೆನಲ್ಲ, ಒಂದು ಮಾತು ಯಾಕೆ ಹೇಳಲಿಲ್ಲ? ಹತ್ತೊಂಬತ್ತು ವರ್ಷ ಕೇಳಿದೆ. ಪ್ರತಿ ಸಲವೂ "ಹೋಗ್ಲಿ ಬಿಡ" ಎಂದರು.

ಮುಂದೆ ಒಂದು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟಿದರು. ಆಮೇಲೆ ನಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆಗಿನ ದವಾಖಾನೆಯಲ್ಲಿ ರಿಸೆಪ್ಷನಿಸ್ಟ್ ಕೆಲಸ ಖಾಲಿ ಇದೆ ಎಂದು ತಿಳಿದು ಅರ್ಜಿ ಹಾಕಿದರು. ಅಂದಿನಿಂದ ಅದೇ ಕುರ್ಚಿ. ಕೆಲಸದ ರೀತಿಯೂ ಹುಬ್ಬಳ್ಳಿಯದೇ. ಫಾರ್ಮ್ ತಪ್ಪಿದ್ದರೆ ಹಿಂದಕ್ಕೆ ಕಳಿಸುವುದಿಲ್ಲ. ತಪ್ಪಿದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ, ಫಾರ್ಮನ್ನು ಅವರ ಕಡೆ ತಿರುಗಿಸಿ, ತಮ್ಮ ಪೆನ್ನನ್ನೇ ಕೊಡುತ್ತಾರೆ. "ಹುಬ್ಬಳ್ಳಿಯೊಳಗ ಫಾರ್ಮ್ ತಪ್ಪಿದ್ರ ಗಾಡಿ ತಪ್ಪತಿತ್ತು. ಇಲ್ಲೆ ಏನ್ ತಪ್ಪತೈತಿ ಅನ್ನೂದು ನನಗ ಗೊತ್ತೈತಿ" ಎನ್ನುತ್ತಾರೆ. ಜಿಪಿ ಪಟ್ಟಿಗೆ ಹೆಸರು ಸೇರಿಸಲು ಬಿಲ್ಲೂ ಬೇಡ, ಪಾಸ್‌ಪೋರ್ಟೂ ಬೇಡ ಎಂಬ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಕೌಂಟರಿನ ಗಾಜಿಗೆ ಅಂಟಿಸಿದ್ದಾರೆ. ಅಂಟಿಸಿ ಸಾಲದೆ ಓದಿಯೂ ಹೇಳುತ್ತಾರೆ.

ಇಂಥ ಮನುಷ್ಯನಿಗೇ ಒಬ್ಬ ಹುಡುಗ ಟೋಪಿ ಹಾಕಿದ.

ಹೋದ ವರ್ಷ ಜನವರಿಯಲ್ಲಿ ನಿತಿನ್ ತನ್ನ ಹೆಂಡತಿ ಪ್ರತೀಕ್ಷಾಳನ್ನು ಕರೆತಂದ. ನಿತಿನ್ ಬೆಂಗಳೂರಿನವನು, ದಿನಾ ರೈಲಿನಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ ಬರುವ ಎಂಜಿನಿಯರು, ಇಲ್ಲೇ ಕಾಯಂ ಆದವನು. ಪ್ರತೀಕ್ಷಾ ತುಮಕೂರಿನ ಹುಡುಗಿ. ಮೊದಲ ಭಾನುವಾರವೇ ನಾವು ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಅವರ ಫ್ಲ್ಯಾಟಿಗೆ ಹೋದೆವು. ಇವರು ಬೂಟು ಬಿಚ್ಚುವ ಮೊದಲೇ ಕೇಳಿದರು.

"ಜಿಪಿ ಆತೇನಪಾ?"

"ಆಗಿದೆ ಅಂಕಲ್, ಎಲ್ಲಾ ಆಗಿದೆ" ಎಂದ ನಿತಿನ್. ಎಷ್ಟು ನಯವಾಗಿ ಹೇಳಿದನೆಂದರೆ ಇವರು ಖುಷಿಯಾಗಿ ಎರಡು ಲೋಟ ಕಾಫಿ ಕುಡಿದರು.

ಏಪ್ರಿಲಿನ ಸಭೆಯ ದಿನ ಸಭಾಂಗಣದ ಅಡುಗೆಮನೆಯಲ್ಲಿ ನಾನು ಚುರುಮುರಿ ಕಲಸುತ್ತಿದ್ದೆ. ಪ್ರತೀಕ್ಷಾ ಈರುಳ್ಳಿ ಹೆಚ್ಚಿ ಕೊಡುತ್ತಿದ್ದಳು. ನಮ್ಮ ಈ ಸಭೆಗಳಲ್ಲಿ ಊಟದ ಜೊತೆಗೆ ಮಾತ್ರೆಗಳ ಹಂಚಿಕೆಯೂ ನಡೆಯುತ್ತದೆ. ಊರಿಗೆ ಹೋಗಿ ಬಂದವರ ಸೂಟ್‌ಕೇಸಿನಲ್ಲಿ ಒಬ್ಬರ ಬಿಪಿ ಮಾತ್ರೆ, ಇನ್ನೊಬ್ಬರ ಸಕ್ಕರೆ ಮಾತ್ರೆ, ಮತ್ತೊಬ್ಬರ ಅತ್ತೆಯ ಮಂಡಿನೋವಿನ ಎಣ್ಣೆ. ನರ್ಸ್ ಆದ ನನಗೆ ಇದನ್ನು ನೋಡಿದರೆ ಮೈ ಉರಿಯುತ್ತದೆ. ಬೈದು ಬೈದು ಬಾಯಿ ಸೋತಿದೆ.

"ಆಂಟಿ, ಊರಿಂದ ಯಾರಾದ್ರೂ ಬರ್ತಿದ್ದಾರಾ?" ಪ್ರತೀಕ್ಷಾ ತಲೆ ಎತ್ತದೆ ಕೇಳಿದಳು. "ಥೈರಾಯ್ಡ್ ಮಾತ್ರೆ ತರಿಸ್ಬೇಕಿತ್ತು. ಬರೋವಾಗ ಮೂರು ತಿಂಗಳಿಗೆ ಆಗೋಷ್ಟು ತಂದಿದ್ದೆ."

"ಮೂರು ತಿಂಗಳು ಆಗೇಹೋಯ್ತಲ್ಲ. ಈಗ ಏನು ತಗೋತಿದ್ದೀ?"

"ಇನ್ನೂ ಸ್ವಲ್ಪ ಇದೆ. ಎರಡು ವಾರದಿಂದ ಅರ್ಧ ಮಾಡ್ಕೊಂಡು ತಗೋತಿದ್ದೀನಿ."

"ಅರ್ಧ ಮಾಡು ಅಂತ ಯಾರು ಹೇಳಿದ್ರು?"

ಅವಳು ಚಾಕು ಕೆಳಗಿಟ್ಟು ಸೆರಗಿನ ಮೇಲಿಂದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಎರಡು ತಿಂಗಳು, ಆಂಟಿ" ಎಂದಳು.

ನನ್ನ ಕೈ ಚುರುಮುರಿಯಲ್ಲೇ ನಿಂತಿತು. ಮೊದಲ ಮೂರು ತಿಂಗಳು ಕೂಸಿಗೆ ತನ್ನದು ಅಂತ ಥೈರಾಯ್ಡ್ ಕೆಲಸ ಮಾಡುವುದಿಲ್ಲ. ಅದರ ಮೆದುಳು ಬೆಳೆಯುವುದು ತಾಯಿಯದರ ಮೇಲೆ. ಆ ಹೊತ್ತಿನಲ್ಲಿ ಮಾತ್ರೆ ಹೆಚ್ಚು ಬೇಕು, ಈ ಹುಡುಗಿ ಅರ್ಧ ನುಂಗುತ್ತಿದ್ದಾಳೆ! ಇಷ್ಟು ವರ್ಷ ವಾರ್ಡಿನಲ್ಲಿ ಏನೇನೋ ನೋಡಿದವಳು ನಾನು, ಆದರೂ ಹೆದರಿದೆ.

"ನಿನ್ನ ಜಿಪಿ ಏನಂದ್ರು?"

"ಜಿಪಿ ಮಾಡಿಸಿಲ್ಲ ಆಂಟಿ. ನನ್ನ ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಮುಟ್ಟೋ ಹಾಗಿಲ್ಲ ಅಂತ ಇದೆ. ಇಲ್ಲಿ ಡಾಕ್ಟರ್ ಹತ್ರ ಹೋದ್ರೆ ಮುಂದೆ ವೀಸಾ ರಿನ್ಯೂವಲ್‌ಗೆ ತೊಂದ್ರೆ ಅಂತೆ. ಹೇಗಿದ್ರೂ ಮೊದಲ ಹೆರಿಗೆ ತವರಲ್ಲೇ ಅಲ್ವಾ, ಏಳನೇ ತಿಂಗಳಿಗೆ ತುಮಕೂರಿಗೆ ಹೋಗ್ಬಿಡು ಅಂತಾರೆ. ಅಲ್ಲಿವರೆಗೂ ಅಲ್ಲಿನ ಡಾಕ್ಟರ್‌ಗೆ ವಾಟ್ಸಾಪ್‌ನಲ್ಲಿ ಕೇಳ್ಕೊಂಡ್ರಾಯ್ತು ಅಂತ." ನನ್ನ ಮುಖ ನೋಡಿ ಅವಸರದಿಂದ ಸೇರಿಸಿದಳು. "ಅರ್ಧ ಮಾಡ್ತಿರೋದು ನಿತಿನ್‌ಗೆ ಗೊತ್ತಿಲ್ಲ. ಹೇಳ್ಬೇಡಿ ಆಂಟಿ, ಪ್ಲೀಸ್. ನನ್ನ ವೀಸಾಗೆ ಒಂದು ವರ್ಷ ಒದ್ದಾಡಿದ್ದಾರೆ. ಮತ್ತೆ ನನ್ನಿಂದಾನೇ ಇನ್ನೊಂದು ತಾಪತ್ರಯ ಬೇಡ ಅಂತ."

ಈ ರಾಗ ನನಗೆ ಹೊಸದಲ್ಲ. ಮೂರು ದಿನ ಅಜವಾನದ ನೀರು ಕುಡಿದವರ ಮನೆಯವಳು ನಾನು.

ಕೈ ತೊಳೆದು ಹೊರಗೆ ಬಂದೆ. ನಮ್ಮವರು ತಟ್ಟೆ ಹಿಡಿದು ಯಾರಿಗೋ ಜಿಪಿಯ ವಿಷಯವೇ ಹೇಳುತ್ತಿದ್ದರು. ಮೂಲೆಗೆ ಕರೆದು ಹೇಳಿದೆ. ಅರ್ಧ ಮಾತ್ರೆಯ ವಿಷಯವನ್ನೂ ಹೇಳಿದೆ. ಅದನ್ನು ನಿತಿನ್‌ಗೆ ಪ್ರತೀಕ್ಷಾಳೇ ಹೇಳಬೇಕು, ನೀವು ಬಾಯಿ ಬಿಡಬೇಡಿ ಎಂದೆ.

"ಆಗೇದ ಅಂದಿದ್ನಲ್ಲ ಅವ!" ಇವರ ಮುಖ ಕೆಂಪಾಯಿತು. "ಎರಡ ಕಪ್ ಕಾಫಿ ಕುಡಿಸಿ ಸುಳ್ಳ ಹೇಳಿದ್ನಲ್ಲ!"

"ಕಾಫಿ ಸುದ್ದಿ ಆಮ್ಯಾಲ. ನಡೀರಿ ಮೊದಲ."

ಆ ಮಧ್ಯಾಹ್ನವೇ ಅವರಿಬ್ಬರ ಜೊತೆಯಲ್ಲೇ ಅವರ ಫ್ಲ್ಯಾಟಿಗೆ ಹೋದೆವು. ನಿತಿನ್ ಕಳ್ಳ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ. ಆದರೆ ಅವನೂ ಎಂಜಿನಿಯರು, ಸುಲಭಕ್ಕೆ ಸೋಲುವವನಲ್ಲ. ಒಂದು ದಪ್ಪ ಫೈಲು ತಂದು ಮೇಜಿನ ಮೇಲಿಟ್ಟ. ವೀಸಾದ ಪ್ರತಿಯೊಂದು ಹಾಳೆಯೂ ಅದರಲ್ಲಿ, ಬಣ್ಣ ಬಣ್ಣದ ಚೀಟಿ ಅಂಟಿಸಿ. ಒಂದು ಸಾಲಿಗೆ ಕೆಂಪು ಗೆರೆ ಹಾಕಿದ್ದ. ಪಬ್ಲಿಕ್ ಫಂಡ್ಸ್ ಪಡೆಯುವಂತಿಲ್ಲ.

"ಎನ್‌ಎಚ್‌ಎಸ್ ನಡೆಯೋದು ಜನರ ಟ್ಯಾಕ್ಸ್ ಇಂದ ಅಲ್ವಾ ಅಂಕಲ್? ಅದೂ ಪಬ್ಲಿಕ್ ಫಂಡೇ ತಾನೇ? ನಿಮ್ಮ ಹತ್ರ ಸುಳ್ಳು ಹೇಳಿದ್ದು ತಪ್ಪು. ಆದ್ರೆ ನೀವು ಕೆಲಸ ಮಾಡೋದು ಅಲ್ಲೇ, ಸುಮ್ನೆ ಬಿಡಲ್ಲ ಅಂತ ಗೊತ್ತಿತ್ತು."

ಇವರು ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಓದಿದರು. ಹುಬ್ಬಳ್ಳಿಯಲ್ಲಿ ಊರು, ತಾರೀಖು, ವಯಸ್ಸು ನೋಡುತ್ತಿದ್ದ ಬೆರಳು ಅದು.

"ತಮ್ಮಾ, ಪಬ್ಲಿಕ್ ಫಂಡ್ಸ್ ಅಂದ್ರ ಸರ್ಕಾರ ಕೊಡೂ ಭತ್ಯೆಗೋಳು, ಕೌನ್ಸಿಲ್‌ನವರ ಬಾಡಗಿ ಮನಿ, ಅಂಥಾವು. ಅದಕ್ಕೊಂದು ಪಟ್ಟಿ ಐತಿ. ಆ ಪಟ್ಟಿಯೊಳಗ ದವಾಖಾನಿ ಇಲ್ಲ." ಫೋನಿನಲ್ಲಿ ಸರ್ಕಾರದ ಪುಟ ತೆಗೆದು ತೋರಿಸಿದರು. ಆಮೇಲೆ ಅವನದೇ ಫೈಲಿನ ಹಾಳೆ ಮಗುಚುತ್ತ ಹಸಿರು ಚೀಟಿಯ ಹತ್ತಿರ ನಿಂತರು. "ಇದೇನು?"

"ಅದು ವೀಸಾ ಫೀಸು ಅಂಕಲ್."

"ವೀಸಾ ಫೀಸು ಹಿಂದಿನ ಹಾಳಿ. ಇದನ್ನ ಓದು."

ನಿತಿನ್ ಓದಿದ. ಇಮಿಗ್ರೇಶನ್ ಹೆಲ್ತ್ ಸರ್ಚಾರ್ಜ್.

"ವೀಸಾ ಮುಗಿಯೂತನಕ ಈಕಿ ದವಾಖಾನಿ ರೊಕ್ಕ ನೀನ ಮೊದಲ ಕಟ್ಟಿ ಬಂದೀಯಲ್ಲೋ! ವೀಸಾ ಆದ ದಿನದಿಂದ ಈಕಿ ಇಲ್ಲಿಯವರಂಗ ತೋರಿಸ್ಕೋಬಹುದು. ಹೆರಿಗಿನೂ ಅದರಾಗ ಬಂತು. ಟಿಕೀಟ ತಗಿಸಿ ಪ್ಲಾಟ್‌ಫಾರ್ಮ್ ಮ್ಯಾಲ ಕೂಡ್ರಿಸೀಯಲ್ಲೋ ಹುಡುಗಿನ್ನ!"

ನನಗೆ ನಗು ಬಂತು. ನಿತಿನ್‌ಗೆ ಬರಲಿಲ್ಲ. ಅವನು ಕೆಂಪು ಗೆರೆಯನ್ನೇ ನೋಡುತ್ತ ಕೂತ.

"ನೀವು ಹೇಳೋದು ಸರಿ ಇರ್ಬಹುದು ಅಂಕಲ್. ಆದ್ರೂ ರಿನ್ಯೂವಲ್ ಟೈಮಲ್ಲಿ ಯಾವನೋ ಆಫೀಸರ್ ಪ್ರಶ್ನೆ ಎತ್ತಿದ್ರೆ? ಇವಳನ್ನ ವಾಪಸ್ ಕಳಿಸಿದ್ರೆ? ಒಂದು ವರ್ಷ ಕಾದಿದ್ದೀನಿ ನಾನು. ರಿಸ್ಕ್ ಯಾಕೆ? ಅವಳು ಆರಾಮಾಗಿದ್ದಾಳೆ. ಮಾತ್ರೆ ಇದೆ. ಏನೂ ತೊಂದ್ರೆ ಇಲ್ಲ ಅಂತ ಅವಳೇ ಹೇಳ್ತಾಳೆ."

ಪ್ರತೀಕ್ಷಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ನನಗೆ ಅರ್ಧ ಮಾತ್ರೆಯ ವಿಷಯ ಕಿರುಚಿ ಹೇಳಬೇಕೆನಿಸಿತು. ಹೇಳಬೇಡಿ ಎಂದು ಅವಳು ಬೇಡಿಕೊಂಡಿದ್ದಳಲ್ಲ, ನಾಲಿಗೆ ಕಚ್ಚಿಕೊಂಡೆ.

ಇವರು ಫೈಲು ಮುಚ್ಚಿದರು. ಪ್ರತೀಕ್ಷಾಳ ಕಡೆ ತಿರುಗಿದರು.

"ಯವ್ವಾ, ಏನೂ ತೊಂದ್ರಿ ಇಲ್ಲ ಅಂತ ನಾನೂ ಹೇಳಿದ್ದೆ" ಎಂದರು. "ಮೂರ ದಿನ ಹೇಳಿದ್ದೆ. ಆವತ್ತ ನಾ ದವಾಖಾನಿಗೆ ಹೋಗಿ, ಬಿಲ್ ಇಲ್ಲ ಅಂತ ತಿರಗಿ ಮನಿಗೆ ಬಂದೆ. ಈಕಿ ನೈಟ್ ಶಿಫ್ಟ್ ಮುಗಿಸಿ ಮಲಗಿದ್ಲು. ಎಬ್ಬಸೂಣು ಅಂತ ಬಗಲಾಗ ಹೋಗಿ ನಿಂತೆ. ಕೈ ಮುಂದ ಮಾಡಿದೆ. ನೋಡಿದ್ರ ಕಾಲಾಗಿನ ಸಾಕ್ಸ್ ಸುದ್ದಾ ಬಿಚ್ಚಿರಲಿಲ್ಲ, ಹಂಗ ಬಿದ್ದುಬಿಟ್ಟಿದ್ಲು. ನನ್ನ ಸಲುವಾಗಿ ಒಂದಕ್ಕ ಎರಡು ಪಾಳಿ ದುಡ್ಯಾಕತ್ತಿದ್ಲು ಆಗ. ಈಕಿ ಮನಿ, ಈಕಿ ಪಗಾರ, ಈಕಿ ವೀಸಾ. ಈಕಿ ನಿದ್ದಿನೂ ನಾನ ತಿನ್ನಬೇಕೇನು ಅಂತ ಕೈ ಹಿಂದ ತಗೊಂಡೆ." ಅಂಗಿಯ ಮೇಲಿಂದ ಹೊಟ್ಟೆಯ ಬಲಗಡೆ ಬೆರಳಿಟ್ಟರು. "ಅದಕ್ಕ ಇಷ್ಟುದ್ದ ಹೊಲಿಗಿ ಬಿತ್ತು. ಸತ್ತಿದ್ರ ಈಕಿ ಜೀವನಪೂರ್ತಿ ನಿದ್ದಿ ಮಾಡ್ತಿದ್ದಿಲ್ಲ. ಅಷ್ಟೂ ಬುದ್ಧಿ ಇರಲಿಲ್ಲ ನನಗ."

ಹತ್ತೊಂಬತ್ತು ವರ್ಷ ನನಗೆ ಹೇಳದ ಮಾತನ್ನು ಯಾರದೋ ಮನೆಯಲ್ಲಿ ಕೂತು ಹೇಳಿಬಿಟ್ಟರು! ನನಗೆ ಎಲ್ಲಿತ್ತೋ ಸಿಟ್ಟು, ಎಲ್ಲಿತ್ತೋ ಅಳು. "ಮೂರ್ಖ! ಶುದ್ಧ ಮೂರ್ಖ ಮನಷ್ಯಾ ನೀವು! ಒಂದ ಸಲ ಎಬ್ಬಿಸಿದ್ರ ಏನಾಗ್ತಿತ್ತು?" ಎಂದು ಆ ಮಕ್ಕಳ ಎದುರಿಗೇ ಕೂಗಿದೆ. ಕಣ್ಣಿನಿಂದ ನೀರು ಧಾರಾಕಾರ. ಇವರು ತಲೆ ತಗ್ಗಿಸಿ ಕೂತರು. ಎಷ್ಟು ಪ್ರೀತಿ ಬಂತೋ ನನಗೆ ಆ ಹೊತ್ತು, ಅಷ್ಟೇ ಸಿಟ್ಟೂ ಬಂತು.

ನಾನು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಪ್ರತೀಕ್ಷಾ ಒಳಗೆ ಹೋಗಿ ಬಂದಿದ್ದಳು. ಕೈಯಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ. ನಿತಿನ್ ಮುಂದೆ ಅದರ ಮುಚ್ಚಳ ತೆಗೆದಿಟ್ಟಳು. ಒಳಗೆ ಚಾಕುವಿನಿಂದ ಕೊಯ್ದ ಮಾತ್ರೆಯ ತುಂಡುಗಳು.

"ಇದೇನಿದು?" ಎಂದ ನಿತಿನ್.

"ಎರಡು ವಾರದಿಂದ ಅರ್ಧ ತಗೋತಿದ್ದೀನಿ. ಮುಗಿದು ಹೋಗ್ತಿತ್ತು. ಹೇಳಿದ್ರೆ ನೀವು ಹೆದರ್ತೀರಾ ಅಂತ ಹೇಳ್ಲಿಲ್ಲ." ಡಬ್ಬಿಯನ್ನು ಅವನ ಕಡೆ ಸರಿಸಿದಳು. "ಈಗ ನನಗೇ ಹೆದ್ರಿಕೆ ಆಗ್ತಿದೆ. ಮಗುಗೆ ಏನಾದ್ರೂ ಆದ್ರೆ?"

ನಿತಿನ್ ಡಬ್ಬಿ ನೋಡಿದ, ನನ್ನನ್ನು ನೋಡಿದ. ನಾನು ಸುತ್ತು ಬಳಸದೆ, ಗರ್ಭಿಣಿಗೆ ಮಾತ್ರೆ ಹೆಚ್ಚು ಬೇಕು, ಮೊದಲ ತಿಂಗಳುಗಳು ಕೂಸಿನ ಮೆದುಳಿಗೆ ಮುಖ್ಯ, ತಡವಾಗುವುದು ಬೇಡ ಎಂದೆ. ಹುಡುಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಎದ್ದು ಅವಳ ಕೈ ಹಿಡಿದು, "ಎಬ್ಬಿಸ್ಬೇಕಿತ್ತು ಕಣೇ ನನ್ನ" ಎಂದ. ಮಲಗಿದ್ದದ್ದು ಅವನೇನಲ್ಲ, ಆದರೂ ಹಾಗೇ ಅಂದ.

"ನಾಳೆ ಮುಂಜಾನೆ ಎಂಟಕ್ಕ ಬಾಗ್ಲಾ ತಗೀತೀನಿ" ಎಂದರು ಇವರು. "ಬಿಲ್ ಬ್ಯಾಡ, ಫೈಲೂ ಬ್ಯಾಡ. ಈಕಿನ್ನ ಕರಕೊಂಡ ಬಾ ಸಾಕು."

ಅವನು ಫೈಲು ಹಿಡಿದೇ ಬಂದನಂತೆ. ಇವರು ಅದನ್ನು ಕೌಂಟರಿನ ಕೆಳಗಿಟ್ಟು, ಫಾರ್ಮನ್ನು ಪ್ರತೀಕ್ಷಾಳ ಕಡೆ ತಿರುಗಿಸಿ ತಮ್ಮ ಪೆನ್ನು ಕೊಟ್ಟರಂತೆ. ಗಂಡ ಬರೆಯಲು ಹೋದರೆ, "ಆಕಿ ಹೆಸರು ಆಕಿ ಬರೀಲಿ" ಎಂದರಂತೆ. ಅಂದೇ ರಕ್ತ ತೆಗೆದರು. ಮಾರನೆಯ ದಿನ ಡಾಕ್ಟರೇ ಫೋನು ಮಾಡಿ, ಥೈರಾಯ್ಡ್ ಬಹಳ ಏರುಪೇರಾಗಿದೆ, ಇವತ್ತಿನಿಂದಲೇ ಮಾತ್ರೆ ಹೆಚ್ಚಿಸಿ ಎಂದರು. ಮಾತ್ರೆಗೂ ಕಾಸು ಕೊಡಬೇಕಾಗಿಲ್ಲ ಎಂದು ಔಷಧಿ ಅಂಗಡಿಯಲ್ಲಿ ತಿಳಿದಾಗ ನಿತಿನ್ ನನಗೆ ಫೋನು ಮಾಡಿ, "ಆಂಟಿ, ನಿಜಾನಾ ಇದು?" ಎಂದು ಎರಡು ಸಲ ಕೇಳಿದ.

ಆಮೇಲಿನ ತಿಂಗಳುಗಳು ಸುಲಭದವಲ್ಲ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಜುಲೈ ಸ್ಕ್ಯಾನಿಗೆ ನಾನೇ ಬ್ರೇಕಿನಲ್ಲಿ ಓಡಿ ಹೋಗಿ ಜೊತೆಗೆ ಕೂತೆ. ಎಲ್ಲ ಸರಿ ಇದೆ ಎಂದರು. ಆದರೂ ಆ ಎರಡು ವಾರದ ಅರ್ಧ ಮಾತ್ರೆ ಪ್ರತೀಕ್ಷಾಳನ್ನು ಬಿಡಲಿಲ್ಲ. "ಮಗು ಹುಟ್ಟಿದ ಮೇಲೂ ಗೊತ್ತಾಗದೇ ಇರೋ ತೊಂದ್ರೆ ಇರುತ್ತಾ ಆಂಟಿ?" ಎಂದು ಕೇಳುತ್ತಿದ್ದಳು. ಹೆರಿಗೆಗೆ ತುಮಕೂರಿಗೆ ಹೋಗಲಿಲ್ಲ. ಅವಳ ತಾಯಿಯೇ ಇಲ್ಲಿಗೆ ಬಂದರು. ಆಕೆ ವಿಮಾನ ಇಳಿದ ತಕ್ಷಣ ನಮ್ಮವರು ಏನು ಕೇಳಿದರು ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ನವೆಂಬರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಐದನೆಯ ದಿನ ಸೂಲಗಿತ್ತಿ ನರ್ಸು ಮನೆಗೆ ಬಂದು ಹಿಮ್ಮಡಿಗೆ ಚುಚ್ಚಿ ನಾಲ್ಕು ಹನಿ ರಕ್ತ ಕಾಗದಕ್ಕೆ ಒತ್ತಿಕೊಂಡು ಹೋದಳು. ಇಲ್ಲಿ ಹುಟ್ಟಿದ ಎಲ್ಲ ಕೂಸುಗಳಿಗೂ ಇದು ಉಂಟು, ಥೈರಾಯ್ಡ್ ಕೂಡ ಅದರಲ್ಲೇ ನೋಡುತ್ತಾರೆ. ಉತ್ತರ ಬರಲು ಆರು ವಾರ. ಆ ಆರು ವಾರ ಪ್ರತೀಕ್ಷಾ ಅಂಚೆಯವನ ದಾರಿ ಕಾದಳು.

ಜನವರಿಯಲ್ಲಿ ಹೆಸರಿಡುವ ದಿನ ನಾವು ಹೋದಾಗ ಬಾಗಿಲಲ್ಲೇ ನಿತಿನ್ ಒಂದು ಲಕೋಟೆ ಹಿಡಿದು ನಿಂತಿದ್ದ. ಮೇಲೆ ಬರೆದ ಹೆಸರು ಕೂಸಿನದು, ಜನನ ನೋಂದಣಿಯಲ್ಲಿ ಆಗಲೇ ಬರೆಸಿದ್ದ ಹೆಸರು, ಮಿಸ್ ಸಿಂಚನಾ. ಅಪ್ಪನ ಹೆಸರಿನ ಕೆಳಗಲ್ಲ, ಅಮ್ಮನ ಹೆಸರಿನ ಕೆಳಗಲ್ಲ. ಒಳಗೆ ಒಂದೇ ಹಾಳೆ. ರಕ್ತದಲ್ಲಿ ಎಲ್ಲವೂ ಸರಿಯಾಗಿದೆ, ಥೈರಾಯ್ಡ್ ತೊಂದರೆ ಇಲ್ಲ.

"ಅಂಕಲ್, ಇದರದೊಂದು ಕಾಪಿ ನಿಮ್ಮ ನೀರಿನ ಬಿಲ್ ಪಕ್ಕ ಇಡಿ" ಎಂದ ನಿತಿನ್.

ಇವರು ಹಾಳೆಯನ್ನು ಹಿಂದೆ ಮುಂದೆ ಓದಿದರು. ಬೆರಳು ಹೆಸರಿನ ಕೆಳಗೆ ತುಂಬ ಹೊತ್ತು ನಿಂತಿತು. ಕಣ್ಣಿನಿಂದ ನೀರಿಳಿಯಿತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಮೂಗೆಳೆದುಕೊಂಡು ಕೇಳಿದರು. "ಎಂಟ ವಾರದ ಚುಚ್ಚುಮದ್ದು ಯಾವತ್ತೈತಿ?"

"ಮಂಗಳವಾರ ಅಂಕಲ್, ಹತ್ತೂವರೆಗೆ."

"ತಪ್ಪಸಬ್ಯಾಡ್ರಿ" ಎಂದು ಹೇಳಿ ತೊಟ್ಟಿಲ ಕಡೆ ನಡೆದರು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಮುಂದಿನ ವಾರದ ಒಂದು ಮಾತು ಹೇಳದೆ ಇರಲಾರೆ.

ನಾನು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದ್ದೆ. ಹೊರಗೆ ಬಿಸಿಲಿತ್ತು, ಪರದೆ ಎಳೆದಿದ್ದೆ. ಯಾರೋ ಭುಜ ಹಿಡಿದು ಅಲುಗಿಸಿದ ಹಾಗಾಯಿತು. ಕಣ್ಣು ಬಿಟ್ಟರೆ ಇವರು, ಒಂದು ಕೈ ಕೆನ್ನೆಯ ಮೇಲೆ.

"ಶೋಭಾ, ಏಳ. ಹಲ್ಲ ಭಾಳ ನೋಯಾಕತ್ತೈತಿ."

ಗಡಿಯಾರ ನೋಡಿದೆ, ಹನ್ನೊಂದು. ಮಲಗಿ ಎರಡು ಗಂಟೆಯೂ ಆಗಿರಲಿಲ್ಲ. "ಎಷ್ಟ ದಿನದಿಂದ?" ಎಂದು ಕೇಳಿದೆ.

"ಇವತ್ತ ಮುಂಜಾನಿಂದ" ಎಂದರು.

ಎದ್ದು ಕೂತೆ. ನಗು ತಡೆಯಲಾಗಲಿಲ್ಲ. "ಊರಿಗೆಲ್ಲಾ ಕೇಳ್ಕೋತ ಅಡ್ಡಾಡತೀರಲ್ಲ, ನಿಮಗ ಡೆಂಟಿಸ್ಟ್ ಆತೇನ್ರಿ?"

"ಇಲ್ಲ" ಎಂದರು ಸಣ್ಣ ದನಿಯಲ್ಲಿ.

ಕಾಲಿನ ಸಾಕ್ಸು ಆವತ್ತೂ ಬಿಚ್ಚಿರಲಿಲ್ಲ. ಅದರ ಮೇಲೇ ಬೂಟು ಹಾಕಿಕೊಂಡು, ಇವರ ಕೈ ಹಿಡಿದು ಹೊರಟೆ.